ಜಡ್ಜ್ ಸಾಹೇಬರ ಕೊನೆಯ ಅಧ್ಯಾಯ

ಜಡ್ಜ್ ಸಾಹೇಬರ ಮನೆಯಲ್ಲಿ ಆ ಬೆಳಿಗ್ಗೆ ಒಂದು ಸದ್ದೂ ಇರಲಿಲ್ಲ. ಅವರ ಕಷ್ಟಕ್ಕೆಲ್ಲ ಅದೇ ಮೂಲ.

ಅವರೇನು ನಿಜವಾದ ಜಡ್ಜ್ ಅಲ್ಲ. ಇಪ್ಪತ್ತೆಂಟು ವರ್ಷ ಸಿನಿಮಾದಲ್ಲಿದ್ದು, ನಲವತ್ತು ಚಿತ್ರಗಳಲ್ಲಿ ಕಪ್ಪು ಕೋಟು ತೊಟ್ಟು ಸುತ್ತಿಗೆ ಕುಟ್ಟಿದವರು. ಒಂದರಲ್ಲೂ ಎರಡು ಮಾತಿಗಿಂತ ಹೆಚ್ಚು ಸಿಕ್ಕಿದ್ದಿಲ್ಲ. ಆದರೆ ಆ ಎರಡು ಮಾತಿಗೆ ಸೆಟ್ಟಿನಲ್ಲಿ ಎಂಟು ಗಂಟೆ ಕಾಯಬೇಕಲ್ಲ, ಹಾಗೆ ಕಾಯುತ್ತ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಶೂಟಿಂಗ್ ವೇಳಾಪಟ್ಟಿಯ ಹಾಳೆಗಳ ಹಿಂಬದಿಯಲ್ಲಿ ಒಂದು ಕಾದಂಬರಿ ಬರೆದುಬಿಟ್ಟರು. ಅದು ಗೆದ್ದಿತು. ಗೆದ್ದದ್ದೇ ತಪ್ಪಾಯಿತು. ಸನ್ಮಾನದ ವೇದಿಕೆಯಲ್ಲಿ ಮೈಕು ಕೈಗೆ ಸಿಕ್ಕ ಹುರುಪಿಗೆ, "ಇನ್ನು ಮುಖಕ್ಕೆ ಬಣ್ಣ ಹಚ್ಚಲಾರೆ, ಬರೆದೇ ಬದುಕುತ್ತೇನೆ" ಎಂದು ಸಾರಿ ಬಂದರು.

ಬರೆಯುವವರಿಗೆ ಶಾಂತಿ ಬೇಕೆಂದು ಹೆಂಡತಿ ಕುಕ್ಕರಿನ ಸೀಟಿ ನಿಲ್ಲಿಸಿದರು, ಕರೆಗಂಟೆಯ ತಂತಿ ಕಿತ್ತರು. ಕೆಳಗಿನ ಮನೆಯಲ್ಲಿದ್ದ ತಮ್ಮನಿಗೆ, ಅಂದರೆ ಸಾಹೇಬರ ಭಾವಮೈದನಿಗೆ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬೇಕೆಂದು ಕಟ್ಟಪ್ಪಣೆ ಮಾಡಿದರು. ಆ ಶಾಂತಿಯಲ್ಲಿ ಸಾಹೇಬರಿಗೆ ತಮ್ಮ ಹೊಟ್ಟೆ ಗುರುಗುಟ್ಟುವುದೊಂದು ಬಿಟ್ಟು ಏನೂ ಕೇಳಿಸಲಿಲ್ಲ, ಏನೂ ಹೊಳೆಯಲೂ ಇಲ್ಲ. ಎಲ್ಲಾದರೂ ಕಾಯುತ್ತ ಕೂರದೆ ಒಂದು ಸಾಲು ಬರೆಯಲು ಅವರಿಗೆ ಬರುತ್ತಿರಲಿಲ್ಲ. ಹೆಂಡತಿಗೆ ಇದನ್ನು ಹೇಳುವುದು ಹೇಗೆ? ಕದ್ದು ಹೋಗಿ ಎರಡನೇ ಕಾದಂಬರಿಯ ಮೂರು ಅಧ್ಯಾಯ ಬ್ಯಾಂಕಿನ ಸಾಲಿನಲ್ಲಿ, ಮೂರು ರೈಲು ನಿಲ್ದಾಣದಲ್ಲಿ ಮುಗಿಸಿದರು. ಏಳನೆಯದನ್ನು ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಬರೆಯುತ್ತಿದ್ದಾಗ ಸರದಿ ಬಂದೇಬಿಟ್ಟಿತು. ಏನೂ ನೋವಿಲ್ಲ ಎನ್ನಲು ನಾಚಿಕೆಯಾಗಿ, ಕೈಗೆ ಸಿಕ್ಕ ಹಲ್ಲು ತೋರಿಸಿ, ಒಂದು ಗಟ್ಟಿ ದವಡೆ ಹಲ್ಲು ಕಳೆದುಕೊಂಡು ಬಂದರು.

ಈಗ ಉಳಿದದ್ದು ಕೊನೆಯ ಅಧ್ಯಾಯ. ಗಂಡನ ಹೆಣದ ಮುಂದೆ ಕೂತ ಹೆಂಡತಿ ಏನು ಹೇಳುತ್ತಾಳೆ ಎಂಬಲ್ಲಿಗೆ ಕತೆ ಬಂದು ನಿಂತು ಎರಡು ತಿಂಗಳಾಗಿತ್ತು. ಎಂಟು ಗಂಟೆಗೆ ಪ್ರಕಾಶಕರ ಫೋನು ಬಂತು.

"ಸಾರ್, ಇವತ್ತು ಸಂಜೆ ಆರಕ್ಕೆ ಕೊನೇ ಅಧ್ಯಾಯ ನನ್ನ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಅಚ್ಚಿಗೆ ನಿಮ್ಮದ್ರ ಬದಲು ಬೇರೆ ಪುಸ್ತಕ ಕಳಿಸ್ತೀನಿ. ನಿಮ್ಮದು ಆಮೇಲೆ ಯಾವಾಗ್ಲೋ."

"ಬೇರೆ ಯಾವುದು?"

"ಹಲ್ಲಿನ ಡಾಕ್ಟರ ಕವನ ಸಂಕಲನ."

ಸಾಹೇಬರ ನಾಲಗೆ ತಾನಾಗಿಯೇ ದವಡೆಯ ಖಾಲಿ ಜಾಗವನ್ನು ಮುಟ್ಟಿ ನೋಡಿತು. ಒಂದು ಕಾದಂಬರಿ ಯಾರು ಬೇಕಾದರೂ ಬರೆದಾರು, ಎರಡು ಬರೆದವನೇ ಕಾದಂಬರಿಕಾರ ಎಂದು ಅವರ ನಂಬಿಕೆ. ಇದು ತಪ್ಪಿದರೆ ಸಾಯುವ ತನಕ ಊರಿಗೆಲ್ಲ ಅವರು ಸುತ್ತಿಗೆಯ ಜಡ್ಜೇ. ಬ್ಯಾಂಕು, ರೈಲು ನಿಲ್ದಾಣ ಎರಡು ತಿಂಗಳಿಂದ ಕೈಕೊಟ್ಟಿದ್ದವು, ಉಳಿದದ್ದು ಹಳೆಯ ಸೆಟ್ಟೊಂದೇ. ಹಿಂದೆ ಸೆಟ್ಟುಗಳಲ್ಲಿ ಸಹಾಯಕನಾಗಿದ್ದು ಈಗ ನಿರ್ದೇಶಕನಾಗಿದ್ದ ಪರಿಚಯದವನೊಬ್ಬನಿಗೆ ಫೋನು ಹಚ್ಚಿದರು.

"ಇವತ್ತೊಂದಿನಕ್ಕೆ ಯಾವುದಾದ್ರೂ ಸಣ್ಣ ಪಾತ್ರ ಕೊಡಪ್ಪ. ಕಾಯೋದು ಜಾಸ್ತಿ ಇರ್ಬೇಕು."

"ನೀವು ಬಣ್ಣ ಹಚ್ಚಲ್ಲ ಅಂದಿದ್ರಲ್ಲ ಸಾರ್?"

"ಹಚ್ಚಲ್ಲ. ಬಣ್ಣ ಬೇಡದ ಪಾತ್ರ ಇದ್ರೆ ನೋಡು."

ನಿರ್ದೇಶಕ ಸ್ವಲ್ಪ ಯೋಚಿಸಿದ. "ಒಂದಿದೆ ಸಾರ್. ಹೆಣ. ತಲೆ ತನಕ ಬಿಳಿ ಬಟ್ಟೆ ಹೊದಿಸಿರ್ತೀವಿ."

ಸಾಹೇಬರು ಹಾಳೆ, ಪೆನ್ನು ಜೇಬಿಗೆ ಸೇರಿಸಿ ಹೊರಟರು. ಹೆಂಡತಿ ಬಾಗಿಲಿಗೆ ಬಂದರು.

"ಬರೀತಾ ಇದ್ದೋರು ಎಲ್ಲಿಗೆ ಹೊರಟ್ರಿ?"

"ಒಂದ್ನಿಮಿಷ, ಬಂದೆ."

"ಮೂವತ್ತು ವರ್ಷದಿಂದ ಇದೇ ಆಯ್ತು, ಒಂದ್ನಿಮಿಷ, ಬಂದೆ. ಆ ನಿಮಿಷಗಳನ್ನೆಲ್ಲ ಕೂಡಿಟ್ಟಿದ್ರೆ ನಮಗೂ ಒಂದು ಸಂಸಾರ ಆಗ್ತಿತ್ತು."

ಸಾಹೇಬರು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದರು. ಅಲ್ಲಿ ಭಾವಮೈದ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. "ಎಲ್ಲಿಗೆ ಭಾವ? ನಾನೂ ಬರ್ತೀನಿ, ಸ್ಕೂಟರಿದೆ." ಬೇಡ ಎಂದರೆ ಕೇಳುವ ಜನ್ಮವಲ್ಲ ಅದು.

ಸೆಟ್ಟಿನಲ್ಲಿ ಒಂದು ನಡುಮನೆ, ಒಂದು ಮಂಚ. ಸಾಹೇಬರು ಖುಷಿಯಿಂದಲೇ ಮಲಗಿದರು. ಬಟ್ಟೆ ಹೊದಿಸಿದ ಮೇಲೆ ಸಹಾಯಕಿಯೊಬ್ಬಳು ಬಂದು, ಅದರ ಒಂದೊಂದು ಮಡಿಕೆಯ ಫೋಟೋ ತೆಗೆದುಕೊಂಡು ಹೇಳಿದಳು: "ಸಾರ್, ಇನ್ನು ಅಲ್ಲಾಡಬಾರ್ದು. ಒಂದು ಶಾಟಿಂದ ಇನ್ನೊಂದಕ್ಕೆ ಮಡಿಕೆ ಬದಲಾದ್ರೆ ನನ್ನ ಕೆಲಸ ಹೋಗುತ್ತೆ."

"ಮಧ್ಯೆ ಮಧ್ಯೆ ಸ್ವಲ್ಪ ಬರ್ಕೋಬೇಕಿತ್ತಮ್ಮ."

"ಹೆಣ ಬರ್ಕೊಳ್ಳೋದಾ ಸಾರ್?"

ಹೀಗೆ ಸಾಹೇಬರಿಗೆ ಐದು ಗಂಟೆ ಕಾಲ ಕಾಯುವ ಭಾಗ್ಯ ಸಿಕ್ಕಿತು, ಕೈಯಾಡಿಸುವ ಭಾಗ್ಯ ಸಿಗಲಿಲ್ಲ. ದೀಪ ಸರಿಯಿಲ್ಲ ಎಂದು ಒಂದು ಗಂಟೆ, ಕ್ಯಾಮೆರಾದವನಿಗೆ ಕಿಟಕಿ ಹಿಡಿಸಲಿಲ್ಲ ಎಂದು ಇನ್ನೊಂದು. ಮೂಗು ಕೆರೆಯುವಂತಿಲ್ಲ, ಕೆಮ್ಮುವಂತಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲಿಂದ ಬಂತೋ ಏನೋ, ಎರಡು ತಿಂಗಳು ಗೋಗರೆದರೂ ಬಾರದಿದ್ದ ಕಾದಂಬರಿಯ ಹೆಂಡತಿಯ ಮಾತು ಒಮ್ಮೆಲೇ ಬಂದು ನಿಂತಿತು. ತಮ್ಮ ಪ್ರತಿಭೆಗೆ ಸಾಹೇಬರೇ ಬೆರಗಾದರು. ಮರೆತುಹೋಗದಿರಲೆಂದು ನಟರ ರೂಢಿಯಂತೆ ಬಟ್ಟೆಯೊಳಗೇ ಗುನುಗತೊಡಗಿದರು.

ತಲೆದೆಸೆಯಲ್ಲಿ ಹೆಂಡತಿಯ ಪಾತ್ರದ ನಟಿ ಕೂತಿದ್ದಳು. "ಏನ್ ಸಾರ್ ಅದು? ಚೆನ್ನಾಗಿದೆ, ಇನ್ನೊಂದ್ಸಲ ಹೇಳಿ" ಎಂದಳು.

ಬರೆಯುವವರಿಗೆ ಈ ಮಾತು ಕೇಳಿದರೆ ಬುದ್ಧಿ ನೆಟ್ಟಗಿರುವುದಿಲ್ಲ. ಸಾಹೇಬರು ಇನ್ನೊಂದು ಸಲ ಹೇಳಿದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂಬುದನ್ನೂ ತಿಳಿಸಿಕೊಟ್ಟರು. ಅವಳು ಹಿಂದೆಯೇ ಒಪ್ಪಿಸಿದಳು. ಒಂದು ಕಡೆ ತಪ್ಪಿದಾಗ ತಿದ್ದಿದರು ಕೂಡ.

ಮಧ್ಯಾಹ್ನ ಮೂರಕ್ಕೆ ನಿರ್ದೇಶಕ ಬಂದ. "ಮೇಡಮ್, ಇಲ್ಲಿ ಮಾತು ಬರೆದಿಲ್ಲ. ನಿಮ್ಮ ಮನಸ್ಸಿಗೆ ಬಂದಿದ್ದು ಹೇಳ್ಕೊಂಡು ಅಳಿ."

ಕ್ಯಾಮೆರಾ ಓಡಿತು. ನಟಿ ಹೆಣದ ಎದೆಯ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಶುರು ಮಾಡಿದಳು: "ಬದುಕಿಡೀ ಒಂದ್ನಿಮಿಷ, ಬಂದೆ ಅಂದ್ರಿ. ಆ ನಿಮಿಷಗಳನ್ನೆಲ್ಲ ಕೂಡಿಟ್ಟಿದ್ರೆ ನಮಗೂ ಒಂದು ಸಂಸಾರ ಆಗ್ತಿತ್ತು. ಈಗ್ಲಾದ್ರೂ ಹೇಳಿ, ಒಂದ್ನಿಮಿಷ, ಬಂದೆ ಅಂತ. ಕಾಯ್ತೀನಿ."

ಬಟ್ಟೆಯೊಳಗೆ ಸಾಹೇಬರ ಮೈ ಉರಿದುಹೋಯಿತು. ಎದ್ದು ಕೂತು ಅದು ನನ್ನದು ಎಂದು ಕೂಗಬೇಕು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಶಾಟ್ ಕೆಡಿಸಿದವರಲ್ಲ ಅವರು. ಹಲ್ಲು ಕಚ್ಚಿಕೊಂಡು, ಅಂದರೆ ಉಳಿದಷ್ಟನ್ನು ಕಚ್ಚಿಕೊಂಡು, ಸತ್ತೇ ಮಲಗಿದ್ದರು. 'ಕಟ್' ಎಂದಾಗ ದೀಪದವನು ಮೂಗು ಸೀಟುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಲ್ಲಿಂದ ತಂದ್ರಿ ಮೇಡಮ್ ಆ ಮಾತನ್ನ?"

"ಅದೇ ಹೊಳೀತು ಸಾರ್."

ಹೆಣ ದಡಕ್ಕನೆ ಎದ್ದು ಕೂತಿತು. "ಅದು ನನ್ನ ಮಾತು."

"ಅಯ್ಯೋ, ಮಡಿಕೆ" ಎಂದು ಸಹಾಯಕಿ ತಲೆ ಚಚ್ಚಿಕೊಂಡಳು.

ನಿರ್ದೇಶಕ ಸಮಾಧಾನದಿಂದಲೇ ಹೇಳಿದ: "ಸಾರ್, ಬೇಜಾರ್ ಮಾಡ್ಕೋಬೇಡಿ. ಈ ಸೀನಲ್ಲಿ ನಿಮಗೆ ಮಾತಿಲ್ಲ."

ಬಿಡುಗಡೆಯಾದಾಗ ನಾಲ್ಕೂಮುಕ್ಕಾಲು. ಹಾಳಾಗಲಿ, ಸಿನಿಮಾ ಬರುವುದು ಬರುವ ವರ್ಷ, ಅಷ್ಟರಲ್ಲಿ ನನ್ನ ಪುಸ್ತಕ ಬಂದಿರುತ್ತದೆ ಎಂದು ಸಾಹೇಬರು ಸ್ಕೂಟರ್ ಹತ್ತಿದರು. ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಒಂದು ಗೂಡ್ಸು ಹೋಯಿತು, ಇನ್ನೊಂದು ಬರುವುದಿತ್ತು. ಭಾವಮೈದ ಗೊಣಗಿದ, ಸಾಹೇಬರು ಕುಣಿಯುವುದೊಂದು ಬಾಕಿ. ಅವನ ಬೆನ್ನನ್ನೇ ಮೇಜು ಮಾಡಿಕೊಂಡು ಮುಕ್ಕಾಲು ಗಂಟೆಯಲ್ಲಿ ಕೊನೆಯ ಅಧ್ಯಾಯ ಬರೆದು ಮುಗಿಸಿದರು.

ಆರಕ್ಕೆ ಹತ್ತು ನಿಮಿಷವಿರುವಾಗ ಹಾಳೆಗಳು ಪ್ರಕಾಶಕರ ಮೇಜಿನ ಮೇಲಿದ್ದವು. ಅವರು ಓದುತ್ತ ಹೋದಂತೆ ಮುಖ ಗಂಟಿಕ್ಕಿತು.

"ಸಾರ್, ಈ ಮಾತನ್ನ ನಾನು ಮಧ್ಯಾಹ್ನವೇ ಕೇಳಿದೀನಿ." ಮೊಬೈಲು ತೋರಿಸಿದರು. ಅದರಲ್ಲಿ ನಟಿ ಅಳುತ್ತಿದ್ದಳು, ಮುಂದೆ ಬಿಳಿ ಬಟ್ಟೆಯ ಒಂದು ಗುಡ್ಡ. "ಊರೆಲ್ಲ ಇದನ್ನೇ ಕಳಿಸಿಕೊಳ್ತಿದೆ."

"ಇದು ಹೊರಗೆ ಬಂದಿದ್ದು ಹೇಗೆ?"

"ನಾನೇ ತೆಗೆದಿದ್ದು ಭಾವ" ಎಂದ ಭಾವಮೈದ ಹೆಮ್ಮೆಯಿಂದ. "ಮತ್ತೆ ಸಿನಿಮಾಕ್ಕೆ ಬಂದಿದೀರಿ ಅಂತ ನೆಂಟರಿಗೆಲ್ಲ ಹಾಕಿದೆ."

ಸಾಹೇಬರಿಗೆ ಅವನನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟು ಬಂತು. ಆದರೆ ಸಾಕ್ಷಿಗೆ ಇರುವವನು ಅವನೊಬ್ಬನೇ. "ನೋಡಿ, ಅವಳು ಕದ್ದಿದ್ದು. ನನ್ನ ಬಾಯಿಂದಲೇ ಕೇಳಿ ಕದ್ದಿದ್ದು. ಬೇಕಾದ್ರೆ ಇವನನ್ನ ಕೇಳಿ. ಹೇಳೋ, ಆ ಮಾತು ಅವಳದಾ?"

"ಖಂಡಿತ ಅವಳದಲ್ಲ" ಎಂದ ಭಾವಮೈದ.

"ಕೇಳಿದ್ರಾ?"

"ಭಾವನದೂ ಅಲ್ಲ. ಅದು ನಮ್ಮಕ್ಕಂದು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂದ್ಲು, ನಾನು ಮೆಟ್ಟಿಲ ಮೇಲಿದ್ದೆ. ಇದೇನ್ ಮಹಾ ಬಿಡಿ ಸಾರ್, ಮೂವತ್ತು ವರ್ಷದಿಂದ ದಿನಾ ಇಂಥವು ಹತ್ತು ಹೇಳ್ತಾಳೆ."

ಸಾಹೇಬರಿಗೆ ಬೆಳಗಿನ ಬಾಗಿಲು, ಅಲ್ಲಿ ನಿಂತ ಹೆಂಡತಿ, ಬೆನ್ನ ಹಿಂದೆ ಕೇಳಿದ ದನಿ, ಎಲ್ಲ ನೆನಪಾಯಿತು.

ಪ್ರಕಾಶಕರು ಮುಂದಕ್ಕೆ ಬಾಗಿದರು. "ದಿನಾ ಹತ್ತಾ? ನಿಮ್ಮಕ್ಕನ ನಂಬರ್ ಕೊಡಿ."

ಫೋನು ಬಹಳ ಹೊತ್ತು ನಡೆಯಿತು. ಸಾಹೇಬರು ಹೊರಗಿನ ಬೆಂಚಿನಲ್ಲಿ ಕಾದರು. ಏನೂ ಹೊಳೆಯಲಿಲ್ಲ.

ಮನೆಗೆ ಬಂದಾಗ ಕರೆಗಂಟೆ ಒತ್ತಿದರು, ಅದಕ್ಕೆ ತಂತಿಯಿರಲಿಲ್ಲ. ಬಾಗಿಲು ದೂಡಿ ಒಳಗೆ ಹೋದರು. ಅಡುಗೆಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅವರ ಮೇಜಿನ ಮುಂದೆ, ಅವರ ಕುರ್ಚಿಯಲ್ಲಿ, ಅವರದೇ ಪೆನ್ನು ಹಿಡಿದು ಹೆಂಡತಿ ಬರೆಯುತ್ತಿದ್ದರು. ಪಕ್ಕದಲ್ಲಿ ಆಗಲೇ ಎಂಟು ಹತ್ತು ಹಾಳೆ ತುಂಬಿದ್ದವು.

"ಏನೇ, ಹಸಿವಾಗ್ತಿದೆ" ಎಂದರು ಸಾಹೇಬರು ಮೆಲ್ಲಗೆ.

ಹೆಂಡತಿ ತಲೆಯೆತ್ತಲಿಲ್ಲ.

"ಒಂದ್ನಿಮಿಷ, ಬಂದೆ."