ಬೈದು ವೋಟು ಕೇಳಿದ ನಮ್ಮತ್ತೆ

ಮನೆಮನೆಗೆ ಹೋಗಿ ಮತದಾರರನ್ನು ಚೆನ್ನಾಗಿ ಬೈದು, "ಹಾಕಿದ್ರೆ ಹಾಕು, ಇಲ್ದಿದ್ರೆ ಬಿಡು" ಎಂದು ಎದ್ದು ಬಂದ ಅಭ್ಯರ್ಥಿ ನಮ್ಮ ವಿಧಾನಸಭೆಯ ಚರಿತ್ರೆಯಲ್ಲೇ ಒಬ್ಬರೇ ಇರಬೇಕು. ಅವರು ನನ್ನ ಸೋದರತ್ತೆ. ಉತ್ಪ್ರೇಕ್ಷೆ ಎನಿಸಿದರೆ ಕೋಲಾರದ ಸುತ್ತ ಯಾರನ್ನಾದರೂ ಕೇಳಿ. ಆ ಎರಡು ವಾರಗಳಲ್ಲಿ ಬೈಸಿಕೊಳ್ಳದವರು ಸಿಕ್ಕರೆ, ಅವರು ಊರಲ್ಲಿರಲಿಲ್ಲ ಎಂದೇ ಅರ್ಥ.

ಅತ್ತೆ ಸರ್ಕಾರಿ ನರ್ಸಾಗಿದ್ದವರು. ವೇಮಗಲ್‌ನಿಂದ ಕ್ಯಾಲನೂರಿನವರೆಗೆ ಹಳ್ಳಿಗಳನ್ನೆಲ್ಲ ಕಾಲಿನಲ್ಲೇ ಅಳೆದು, ಹೆರಿಗೆ ಮಾಡಿಸಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿ ನಿವೃತ್ತರಾದರು. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ನರ್ಸಮ್ಮ. ಆಮೇಲೆ ಮಾವನ ಜೊತೆ ಎರಡು ಹಸು ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಒಂದು ದಿನ ಒಂದು ಬಸ್‌ಸ್ಟ್ಯಾಂಡಿನಲ್ಲಿ (ಊರ ಹೆಸರು ಬೇಡ, ಎಲ್ಲರೂ ನಮ್ಮವರೇ) ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಅತ್ತೆ ವಿಚಾರಿಸಿದರು. ಅಲ್ಲಿ ಕೂತಿದ್ದವನು ತಲೆ ಎತ್ತದೆ, "ಅದನ್ನೆಲ್ಲ ಎಮ್ಮೆಲ್ಲೆನ ಕೇಳ್ಬೇಕಮ್ಮ" ಅಂದನಂತೆ.

"ಅವರನ್ನ ಯಾಕಪ್ಪ ಕೇಳೋದು? ನಾನೇ ಆಗ್ತೀನಿ" ಅಂದರು ಅತ್ತೆ.

ನಾವು ತಮಾಷೆ ಅಂದುಕೊಂಡೆವು. ಚುನಾವಣೆ ಘೋಷಣೆಯಾದಾಗ ಅತ್ತೆ ನಿಜವಾಗಿಯೂ ನಾಮಪತ್ರ ತಂದು ಊಟದ ಮಣೆಯ ಮೇಲಿಟ್ಟುಕೊಂಡು ತುಂಬತೊಡಗಿದರು. ಹಸುವಿನ ಮೈ ತೊಳೆಯುತ್ತಿದ್ದ ಮಾವ ಒಂದೇ ಮಾತು ಹೇಳಿದರು: "ನಿಲ್ಲು. ಸಂಜೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಬಂದ್ಬಿಡು." ಹೈಕಮಾಂಡಿನ ಒಪ್ಪಿಗೆ ಅಷ್ಟರಲ್ಲೇ ಮುಗಿಯಿತು.

ನನ್ನದು ಕೋಲಾರದಲ್ಲಿ ಜೆರಾಕ್ಸ್ ಅಂಗಡಿ. ಹಾಗಾಗಿ ಪ್ರಚಾರ ಸಮಿತಿಯ ಅಧ್ಯಕ್ಷ ನಾನೇ. ಸ್ಕೂಟರ್ ಇದ್ದದ್ದರಿಂದ ಸಾರಿಗೆಯೂ ನನ್ನದೇ. ಅತ್ತೆ ತಮ್ಮ ಪ್ರಣಾಳಿಕೆಯನ್ನು ಕೈಯಲ್ಲೇ ಬರೆದು ತಂದರು. ನಡುವೆ ಗೆರೆ ಎಳೆದು, ಎಡಕ್ಕೆ 'ಮಾಡ್ತೀನಿ', ಬಲಕ್ಕೆ 'ನನ್ನ ಕೈಲಾಗಲ್ಲ' ಎಂದು ಬರೆದಿದ್ದರು. ಎಡಗಡೆ ಇದ್ದದ್ದು ನಾಲ್ಕೇ: ಬಸ್‌ಸ್ಟ್ಯಾಂಡುಗಳಲ್ಲಿ ಬೀಗವಿಲ್ಲದ ಶೌಚಾಲಯ, ಕೆರೆ ಸುತ್ತಲ ನೀರು ಹೀರುವ ನೀಲಗಿರಿ ಕೀಳಿಸುವುದು, ಫ್ಯಾಕ್ಟರಿಗಳ ಒಳಗೆ ಕೂಸಿನ ಮನೆ, ಪ್ರತಿ ಹಳ್ಳಿಗೂ ಕರೆದ ಕೂಡಲೇ ಬರುವ ಆಂಬುಲೆನ್ಸ್. ಬಲಗಡೆಯ ಪಟ್ಟಿ ಹಾಳೆಯ ಹಿಂಭಾಗಕ್ಕೂ ಹೋಗಿತ್ತು. ಮಳೆ ಬರಿಸುವುದು. ಟೊಮೇಟೊ ರೇಟು ಏರಿಸುವುದು. ಗಂಡಂದಿರ ಕುಡಿತ ಬಿಡಿಸುವುದು (ಪ್ರಯತ್ನ ಪಡುತ್ತೇನೆ).

"ಅತ್ತೆ, ಇದನ್ನ ಓದಿದ್ರೆ ಯಾರು ವೋಟು ಹಾಕ್ತಾರೆ?" ಎಂದೆ.

"ಲೇ, ಇಂಜೆಕ್ಷನ್ ಕೊಡೋ ಮುಂಚೆ ನೋಯ್ತದೆ ಅಂತ ಹೇಳ್ಬೇಕು ಕಣೋ. ನೋಯಲ್ಲ ಅಂತ ಹೇಳಿ ಚುಚ್ಚಿದ್ರೆ ಆ ಮಗು ಇನ್ನೊಂದ್ಸಲ ತೋಳು ಕೊಡಲ್ಲ."

ಚಿಹ್ನೆಯಾಗಿ ಅತ್ತೆ ತಕ್ಕಡಿ ಬೇಕೆಂದಿದ್ದರು, ಕೂಸುಗಳನ್ನು ತೂಗಿದ ನೆನಪಿಗೆ. ಸಿಕ್ಕಿದ್ದು ಹೊಲಿಗೆ ಯಂತ್ರ. ನನಗೆ ಬೇಜಾರಾಯಿತು. ಅತ್ತೆಗೆ ಆಗಲಿಲ್ಲ. "ಇಷ್ಟು ವರ್ಷ ಹೊಲಿಗೆ ಹಾಕೇ ತಾನೆ ಸಂಬಳ ತಗೊಂಡಿದ್ದು" ಅಂದರು. ಚುನಾವಣಾ ಕಚೇರಿಯ ಗುಮಾಸ್ತನಿಗೆ ಅದು ಯಾವ ಹೊಲಿಗೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮಾವಿನ ಕಾಲ. ಶ್ರೀನಿವಾಸಪುರದ ಕಡೆಯಿಂದ ಹಣ್ಣಿನ ಲಾರಿಗಳು ಘಮಘಮ ಅನ್ನುತ್ತ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಕೈಚೀಲದಿಂದ ಸ್ಪಿರಿಟ್ಟಿನ ವಾಸನೆ. ಈಗಲೂ ಯಾವುದಾದರೂ ಆಸ್ಪತ್ರೆಯಲ್ಲಿ ಆ ವಾಸನೆ ಬಂದರೆ ನನಗೆ ಮಾವಿನಹಣ್ಣು ತಿನ್ನಬೇಕೆನಿಸುತ್ತದೆ. ಡಾಕ್ಟರಿಗೆ ಹೇಳಿದರೆ ನಗುತ್ತಾರೆ.

ವೇಮಗಲ್‌ನ ಟೀ ಅಂಗಡಿಯ ಮುಂದೆ ಫ್ಯಾಕ್ಟರಿ ಯೂನಿಫಾರ್ಮಿನ ಒಬ್ಬ ಯುವಕ ಎಲ್ಲರ ಎದುರಿಗೆ ಅತ್ತೆಯನ್ನು ತಡೆದು, ಫ್ಯಾಕ್ಟರಿಗಳ ಬಗ್ಗೆ ನಿಮ್ಮ ನಿಲುವೇನು, ಭೂಮಿಯ ಬಗ್ಗೆ ಏನು, ಉದ್ಯೋಗದ ಬಗ್ಗೆ ಏನು ಎಂದು ಉಸಿರು ಬಿಡದೆ ಕೇಳಿದ. ಅತ್ತೆ ಅವನ ಮುಖವನ್ನೇ ನೋಡಿದರು.

"ಏನ್ಲಾ, ನೀನು ಹುಟ್ಟಿದಾಗ ಅಳಲೇ ಇಲ್ಲ. ಬೆನ್ನು ತಟ್ಟಿ ತಟ್ಟಿ ಬಾಯಿ ಬಿಡಿಸಿದ್ದು ನಾನು. ಅವತ್ತು ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ವಲ್ಲೋ."

ನಗು ನಿಂತ ಮೇಲೆ ಉತ್ತರವನ್ನೂ ಕೊಟ್ಟರು. "ಜಮೀನು ಕೊಟ್ಟೋನು ಗೇಟ್ ಕಾಯ್ತಾನೆ. ಅವನ ಮಗಳು ಒಳಗೆ ಮಿಷಿನ್ ಹಿಡೀಬೇಕು. ಕೂಸನ್ನ ಎಲ್ಲಿ ಬಿಡ್ತಾಳೆ? ಅದಕ್ಕೇ ಕೂಸಿನ ಮನೆ ಕೇಳ್ತಿರೋದು. ಅರ್ಥ ಆಯ್ತಾ? ಟೀ ಕಮ್ಮಿ ಕುಡಿ, ಕಣ್ಣು ಬೆಳ್ಳಗಾಗಿದೆ, ರಕ್ತ ಇಲ್ಲ."

ಕ್ಯಾಲನೂರಿನ ಹತ್ತಿರ ಒಬ್ಬ ರೈತರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಅವರ ತಾಯಿ ಒಳಗಿಂದಲೇ "ಬಾಗುನ್ನಾವಾ ನರ್ಸಮ್ಮಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದರು. ಗ್ಯಾರಂಟಿ ವೋಟು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ನೀಲಗಿರಿಯ ವಿಷಯ ತೆಗೆದರು. ರೈತರು ಮೆಲ್ಲಗೆ, "ನಮ್ದೂ ಎರಡೆಕರೆ ನೀಲಗಿರಿ ಐತೆ" ಅಂದರು.

"ಹಂಗಾದ್ರೆ ಮೊದ್ಲು ನಿಂದೇ ಕೀಳಿಸ್ತೀನಿ."

ನಾನು ಕಿವಿಯಲ್ಲಿ "ಅತ್ತೆ, ವೋಟು" ಎಂದೆ. ಅತ್ತೆ ಜೋರಾಗಿಯೇ ಹೇಳಿದರು: "ವೋಟು ಹೋದ್ರೆ ಹೋಗ್ಲಿ. ಇವ್ನ ಬೋರಲ್ಲಿ ನೀರಿರ್ಲಿ."

ಒಂದು ಮಧ್ಯಾಹ್ನ ರಸ್ತೆಯಲ್ಲಿ ಎದುರಾಳಿ ಅಭ್ಯರ್ಥಿಯೊಬ್ಬರ ಮೆರವಣಿಗೆ ಎದುರಾಯಿತು. ಅವರು ಜೀಪಿನಿಂದಿಳಿದು ಅತ್ತೆಯ ಕಾಲಿಗೆ ನಮಸ್ಕರಿಸಿದರು. ಅತ್ತೆ ಆಶೀರ್ವಾದ ಮಾಡುವ ಬದಲು ಅವರನ್ನು ಹುಣಸೆಮರದ ನೆರಳಲ್ಲಿ ಕೂರಿಸಿ, ಚೀಲದಿಂದ ಬಿಪಿ ಮಿಷಿನ್ ತೆಗೆದು ನೋಡಿ, "ಎರಡು ದಿನ ಮನೇಲಿ ಮಲಗು" ಅಂದರು. ಪಾಪ, ಆತ ಬೆವರು ಒರೆಸಿಕೊಂಡು ಕೇಳಿದರು: "ಅಮ್ಮ, ಇದು ಚಿಕಿತ್ಸೇನೋ, ಪ್ರಚಾರಾನೋ?"

ಫಲಿತಾಂಶ ಹೇಳಬೇಕೆ? ಠೇವಣಿ ಹೋಯಿತು. ಅತ್ತೆ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ಮಾರನೆಯ ಬೆಳಿಗ್ಗೆಯೇ, "ಸ್ಕೂಟರ್ ತೆಗಿ, ವೋಟು ಹಾಕ್ದೋರಿಗೆ ಥ್ಯಾಂಕ್ಸ್ ಹೇಳ್ಬೇಕು" ಅಂದರು. ಯಾರು ಹಾಕಿದರೆಂದು ಹೇಗೆ ಗೊತ್ತಾಗುತ್ತದೆ ಎಂದರೆ, "ಎಲ್ಲರಿಗೂ ಹೇಳೋಣ. ಹಾಕ್ದೋರಿಗೆ ಖುಷಿ ಆಗ್ತದೆ, ಹಾಕ್ದೆ ಇರೋರಿಗೆ ನಾಚಿಕೆ ಆಗ್ತದೆ" ಎಂಬ ಉತ್ತರ ಬಂತು.

ಹಾಗೆ ಸುತ್ತುತ್ತ ಒಂದು ಹಳ್ಳಿಯ ಕೊನೆಯ ಬೀದಿಗೆ ಬಂದೆವು. ಹಾಸಿಗೆ ಹೊಲಿಯುವ ಒಬ್ಬ ಸಾಬರ ಮನೆ. ಪ್ರಚಾರದ ದಿನಗಳಲ್ಲಿ ಈ ಬೀದಿಗೆ ನಾವು ಬಂದಿರಲಿಲ್ಲ. ನಾನು ಕೇಳಿದಾಗಲೆಲ್ಲ ಅತ್ತೆ "ನಾಳೆ, ನಾಳೆ" ಎನ್ನುತ್ತಿದ್ದರು. ಅವತ್ತು ಅವರೇ ಇಳಿದು ಬಾಗಿಲ ಮುಂದೆ ನಿಂತರು. ಬೈಯಲಿಲ್ಲ, ಕರೆಯಲೂ ಇಲ್ಲ. ಹತ್ತಿಯ ಎಳೆ ಸೆರಗಿಗೆ ಅಂಟಿಸಿಕೊಂಡ ಒಬ್ಬ ಹೆಂಗಸು ಹೊರಗೆ ಬಂದು ಅತ್ತೆಯನ್ನು ನೋಡಿದರು. ಆಮೇಲೆ ಕೈ ಹಿಡಿದು ಒಳಗೆ ಕರೆದು ಕುರ್ಚಿ ಹಾಕಿದರು.

ಅವರ ಮಾತಿನಿಂದ ನನಗೆ ಗೊತ್ತಾದದ್ದು ಇಷ್ಟು. ಬಹಳ ವರ್ಷಗಳ ಹಿಂದೆ, ಅವರಿಗೆ ಹೆರಿಗೆಯಾದ ದಿನ ಮಗುವಿಗೆ ಉಸಿರಾಟ ಸರಿಯಿರಲಿಲ್ಲ. ಊರಿನಲ್ಲಿ ಒಂದು ವಾಹನವೂ ಇರಲಿಲ್ಲ. ಅತ್ತೆ ಮಗುವನ್ನು ಎದೆಗೆ ಕಟ್ಟಿಕೊಂಡು ಸುಡುಬಿಸಿಲಿನಲ್ಲಿ ಡಾಂಬರು ರಸ್ತೆಯವರೆಗೆ ನಡೆದಿದ್ದರು. ರಸ್ತೆ ಸಿಗುವ ಮೊದಲೇ ಮಗು ಹೋಗಿಬಿಟ್ಟಿತ್ತು.

ಅತ್ತೆ ತಲೆ ತಗ್ಗಿಸಿಕೊಂಡು ಕೂತಿದ್ದರು. ಊರಿಗೆಲ್ಲ ಕೇಳುವ ಆ ದನಿ ಪಕ್ಕದಲ್ಲಿದ್ದ ನನಗೂ ಕಷ್ಟಪಟ್ಟರೇ ಕೇಳಿಸಿತು.

"ನಾನು ಇನ್ನೊಂದ್ ಸ್ವಲ್ಪ ಬೇಗ ನಡೀಬೇಕಿತ್ತಮ್ಮ."

ಆ ಹೆಂಗಸು ನೆಲದ ಮೇಲೆ ಕೂತು ಅತ್ತೆಯ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡರು.

"ಇಲ್ಲ ನರ್ಸಮ್ಮ. ನೀವು ಬೇಗಾನೇ ನಡೆದ್ರಿ. ಗಾಡಿ ಬರ್ಬೇಕಿತ್ತು."