ಹತ್ತು ಮೈಲಿ ಕೊಡಬೇಕಾಗಿದ್ದ ಆನೆ

ನಮ್ಮ ಜನ ಯಾವ ವಾಹನವನ್ನು ಕಂಡರೂ ಅದರ ಬಣ್ಣ, ಅಂದ, ವೇಗ ಯಾವುದನ್ನೂ ಮೊದಲು ವಿಚಾರಿಸುವುದಿಲ್ಲ. "ಎಷ್ಟು ಕೊಡುತ್ತೆ?" ಎಂದು ಕೇಳುತ್ತಾರೆ. ಹಸು ಕೊಳ್ಳುವಾಗ ಕೇಳುವ ಪ್ರಶ್ನೆ ಅದು. ನಾಳೆ ಯಾರಾದರೂ ಚಂದ್ರನಲ್ಲಿಗೆ ಹೋಗಿಬಂದ ರಾಕೆಟ್ಟನ್ನು ತಂದು ವಾಲ್‌ನಟ್ ಎಂಬ ಊರಿನ ನಮ್ಮ ಬೀದಿಯಲ್ಲಿ ನಿಲ್ಲಿಸಿದರೂ ಸಂಜೆ ವಾಕಿಂಗ್ ಹೊರಟ ಅಂಕಲ್‌ಗಳು ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳುವುದು ಅದನ್ನೇ. ನಾನೇನೂ ಕಡಿಮೆಯವನಲ್ಲ. ಕಲ್ವರ್ ಸಿಟಿಯ ನಮ್ಮ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬಳು ತನ್ನ ಹೊಸ ಕಾರಿನಲ್ಲಿ ಒಂದು ಸುತ್ತು ಹೋಗಿಬರೋಣವೇ ಎಂದು ಕರೆದಾಗ, ನಾನು ಬಗ್ಗಿ ಮೀಟರ್ ನೋಡಿ ಎಷ್ಟು ಕೊಡುತ್ತದೆ ಎಂದು ಕೇಳಿದೆ. ಆಮೇಲೆ ಅವಳು ಬೇರೆ ಯಾರನ್ನೋ ಕರೆದುಕೊಂಡು ಹೋದಳು.

ಈ ರೋಗದ ಉಲ್ಬಣಾವಸ್ಥೆಯನ್ನು ನೋಡಬೇಕೆಂದರೆ ನಮ್ಮ ಚನ್ನಪ್ಪ ಅಂಕಲ್ ಅವರನ್ನು ನೋಡಬೇಕು. ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಗದಗದ ಕಡೆಯವರು, ಪಂಪು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಕೊರೊನಾ ಕಾಲದಲ್ಲಿ ಊರಿನವರೆಲ್ಲ ಟಾಯ್ಲೆಟ್ ಪೇಪರ್ ಹುಡುಕುತ್ತಿದ್ದಾಗ ಇವರು ಟಾಯ್ಲೆಟ್ಟಿನ ಸಮೇತ ಒಂದು ಹಳೆಯ ಮೋಟರ್‌ಹೋಮ್ ಹುಡುಕಿ ತಂದರು. ಒಳಗೆ ಒಲೆ, ಮಂಚ, ಫ್ರಿಜ್ಜು, ಎಲ್ಲವೂ ಉಂಟು, ಮೈಲೇಜ್ ಒಂದಿಲ್ಲ. ವಯಸ್ಸಿನಲ್ಲಿ ನನಗಿಂತ ಹಿರಿಯದು, ಗ್ಯಾಲನ್ನಿಗೆ ಏಳು ಮೈಲಿ ಕೊಟ್ಟರೆ ಹೆಚ್ಚು. ಬೆಳಿಗ್ಗೆ ಅದು ಸ್ಟಾರ್ಟ್ ಆಗುವ ಸದ್ದಿಗೂ ಅಂಕಲ್ ಗಂಟಲು ಸರಿಮಾಡಿಕೊಳ್ಳುವ ಸದ್ದಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನ್ನೂ ನಾನು ಚೆನ್ನಾಗಿ ಮಿಮಿಕ್ರಿ ಮಾಡುತ್ತೇನೆ. ಒಮ್ಮೆ ಬಚ್ಚಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅವರ ಹೆಂಡತಿ ಕಸ್ತೂರಿ ಆಂಟಿ ಅಡುಗೆಮನೆಯಿಂದ, "ರೀ, ಚಾ ಆರಾಕತ್ತೈತಿ, ಮೊದಲ ಕುಡದ ಹೋಗ್ರಿ" ಎಂದು ಕೂಗಿದರು. ಚಹಾ ನಾನೇ ಕುಡಿದೆ.

ಆಂಟಿ ಆ ಗಾಡಿಗೆ ಇಟ್ಟ ಹೆಸರು ಆನೆ. ಆನೆ ನಿಂತದ್ದರಿಂದ ಡ್ರೈವ್‌ವೇ ಪೂರ್ತಿ ತುಂಬಿ, ಅವರ ಕರಿಬೇವಿನ ಕುಂಡಗಳಿಗೆ ಬಿಸಿಲು ಬೀಳದಂತಾಗಿತ್ತು. ನನ್ನ ಕಾರಂತೂ ಎರಡು ಬೀದಿ ಆಚೆ ನಿಲ್ಲುತ್ತಿತ್ತು. ಹೀಗಾಗಿ ಆನೆ ಹೋಗಲಿ ಎಂಬ ಪಕ್ಷದಲ್ಲಿ ಆಂಟಿ, ನಾನು ಮತ್ತು ಕರಿಬೇವು ಇದ್ದೆವು. ಎದುರು ಪಕ್ಷದಲ್ಲಿ ಅಂಕಲ್ ಒಬ್ಬರೇ. ರಿಟೈರ್ ಆದ ಮೇಲೂ ಅವರು ದಿನಾ ಎಂಟು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆನೆಯೊಳಗೆ ಹೋಗಿ, ಹನ್ನೆರಡಕ್ಕೆ ಊಟಕ್ಕೆ ಇಳಿದುಬರುತ್ತಿದ್ದರು. ಒಳಗೆ ಏನು ಮಾಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಕೆಲಸ ಐತ್ಯೋ ತಮ್ಮಾ" ಎಂದರು. ಏನು ಕೆಲಸ ಎಂದು ಕೇಳುವಷ್ಟು ತುಂಟತನ ನನ್ನಲ್ಲೂ ಇರಲಿಲ್ಲ.

ಈ ವಸಂತದಲ್ಲಿ ಆಂಟಿ ಕೊಳ್ಳುವವನೊಬ್ಬನನ್ನು ಹುಡುಕಿಯೇಬಿಟ್ಟರು. ಸೋಮವಾರ ಬಂದು ಒಯ್ಯುತ್ತೇನೆ ಎಂದಿದ್ದ. ಅಂಕಲ್ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ಆಂಟಿ ತೀರ್ಪು ಕೊಟ್ಟರು: "ಶನಿವಾರ ಸ್ಯಾನ್ ಡಿಯಾಗೊಕ್ಕ ನನ್ನ ತಂಗಿ ಮನಿಗೆ ಅದರಾಗ ಹೋಗೂಣು. ಗ್ಯಾಲನ್ನಿಗೆ ಹತ್ತು ಮೈಲಿ ಕೊಟ್ರ ಇಟ್ಕೋರಿ. ಒಂಬತ್ತೂವರಿ ಬಂದ್ರೂ ಸೋಮವಾರ ಅಂವ ಬರ್ತಾನ."

ಅಂಕಲ್ ನನ್ನತ್ತ ತಿರುಗಿ, "ನೀನ ಡ್ರೈವ್ ಮಾಡಬೇಕೋ. ನನ್ನ ಕಾಲು ಭಾರ" ಎಂದರು. ಎದುರು ಪಕ್ಷದವನನ್ನೇ ಸಾರಥಿಯಾಗಿ ಆರಿಸಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಮೂರು ದಿನ ಆನೆಗೆ ಪಥ್ಯ. ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದರು, ಏರ್ ಫಿಲ್ಟರ್ ಬದಲಿಸಿದರು, ನೀರಿನ ಟ್ಯಾಂಕು ಬರಿದು ಮಾಡಿದರು, ಹಾಸಿಗೆ ಇಳಿಸಿದರು, ಕೊನೆಗೆ ಡ್ರಾಯರಿನಲ್ಲಿದ್ದ ಚಮಚಗಳನ್ನೂ ಬಿಡಲಿಲ್ಲ. ಬಚ್ಚಲ ತೂಕದ ಯಂತ್ರ ತಂದು ನನ್ನನ್ನು ಅದರ ಮೇಲೆ ನಿಲ್ಲಿಸಿ, ಮುಖ ಸಣ್ಣಗೆ ಮಾಡಿಕೊಂಡು, "ಶುಕ್ರವಾರ ರಾತ್ರಿ ಹಾಲು ಹಣ್ಣು ತಗೋ, ಸಾಕು" ಎಂದರು. ಅತ್ತ ಅಂಕಲ್ ಮುಂದಿನ ಬಾಗಿಲಿನಿಂದ ಒಂದೊಂದೇ ಸಾಮಾನು ಇಳಿಸುತ್ತಿದ್ದರೆ, ಇತ್ತ ಆಂಟಿ ಹಿಂದಿನಿಂದ ತಂಗಿಗೆಂದು ಜೋಳದ ಹಿಟ್ಟು, ಶೇಂಗಾ ಹೋಳಿಗೆ, ಉಪ್ಪಿನಕಾಯಿ ಭರಣಿ, ಎರಡು ಕರಿಬೇವಿನ ಕುಂಡ, ಕಡೆಗೆ ಒಂದು ವೆಟ್ ಗ್ರೈಂಡರ್ ಹೇರುತ್ತಿದ್ದರು.

"ಗ್ರೈಂಡರ್‌ದಾಗ ಕಲ್ಲು ಇರ್ತಾವಲೇ! ನೀ ಬೇಕಂತಲೇ ಹೇರಾಕತ್ತೀದಿ!"

"ತಂಗಿ ಮನಿಗೆ ಕೈ ಬೀಸ್ಕೋತ ಹೋಗ್ಲೇನ್ರಿ? ನಿಮ್ಮ ತಮ್ಮನ ಮನಿಗೆ ಹೋಗುಮುಂದ ಒಂದು ಸೋಫಾ ಒಯ್ದಿದ್ರಿ."

ಸೋಫಾದ ಹೆಸರು ಬಂದೊಡನೆ ಅಂಕಲ್ ಗ್ರೈಂಡರನ್ನು ತಾವೇ ಎತ್ತಿ ಒಳಗಿಟ್ಟರು.

ಶನಿವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಪರೀಕ್ಷೆ ಶಾಸ್ತ್ರೋಕ್ತವಾಗಿ ಶುರುವಾಯಿತು. ಟ್ಯಾಂಕು ತುಂಬಿ ಪಂಪು ಟಕ್ ಎಂದು ನಿಂತಿತು. ಲೋಕಕ್ಕೆಲ್ಲ ಅದು ಫುಲ್ ಟ್ಯಾಂಕ್, ಅಂಕಲ್‌ಗೆ ಅಲ್ಲ. ಊರಲ್ಲಿ ಸ್ಕೂಟರನ್ನು ಅತ್ತಿತ್ತ ವಾಲಾಡಿಸಿ ಇನ್ನೊಂದು ಗುಟುಕು ಕುಡಿಸಿದವರು ಅವರು. "ಗಾಳಿ ಕುಂತಿರ್ತೈತಿ ಒಳಗ. ಅಲ್ಲಾಡಸು" ಎಂದರು. ನಾನು ಹಿಂದಿನ ಬಂಪರ್ ಹಿಡಿದು ನಾಲ್ಕು ಟನ್ನಿನ ಮನೆಯನ್ನು ತೊಟ್ಟಿಲಿನಂತೆ ತೂಗಿದೆ. ಪಕ್ಕದ ಪಂಪಿನಲ್ಲಿದ್ದ ಹೆಂಗಸು ಮಗುವನ್ನು ಕಾರೊಳಗೆ ಕೂರಿಸಿ ಬಾಗಿಲು ಹಾಕಿಕೊಂಡಳು. ತೂಗಿ ತೂಗಿ ಇನ್ನೊಂದು ಗ್ಯಾಲನ್ ಹಿಡಿಸಿದೆವು. "ಅಲ್ಲಿ ಹೋಗಿ ತುಂಬುಮುಂದನೂ ಹಿಂಗ ಅಲ್ಲಾಡಸಬೇಕು, ನೆಪ್ಪಿರ್ಲಿ. ಇಲ್ಲಂದ್ರ ಲೆಕ್ಕ ಸುಳ್ಳು ಆಗ್ತೈತಿ" ಎಂದು ಎಂಜಿನಿಯರ್ ಎಚ್ಚರಿಸಿದರು.

ಹಿಂದಿನ ಕಾಲದ ಡ್ರೈವರುಗಳು ಆಕ್ಸಿಲರೇಟರಿನ ಕೆಳಗೆ ಕೋಳಿಮೊಟ್ಟೆ ಇದೆಯೆಂದು ಭಾವಿಸಿ ಮೆಲ್ಲಗೆ ಒತ್ತುತ್ತಿದ್ದರಂತೆ. ಭಾವನೆಯನ್ನು ನಂಬದ ಅಂಕಲ್‌ಗೆ ನಿಜವಾದದ್ದೇ ಬೇಕಿತ್ತು. ಆದರೆ ಆಂಟಿ ಇದ್ದ ಗಾಡಿಗೆ ಮೊಟ್ಟೆ ಹತ್ತುವಂತಿರಲಿಲ್ಲ. ಹೀಗಾಗಿ ಪೆಡಲಿನ ಕೆಳಗೆ ಪಾನಿಪುರಿಯ ಒಂದು ಪೂರಿಯನ್ನು ಟೇಪಿನಿಂದ ಅಂಟಿಸಿದರು. ಜೋರಾಗಿ ಒತ್ತಿದರೆ ಚರಕ್ ಎಂದು ಮುರಿಯಬೇಕು, ನನಗೆ ನಾಚಿಕೆಯಾಗಬೇಕು. ಬದಲಿ ಪೂರಿಗಳ ಪ್ಯಾಕೆಟ್ಟು ಹಿಂದೆ ಕುಳಿತ ಆಂಟಿಯ ಮಡಿಲಲ್ಲಿ.

ಗಂಟೆಗೆ ಐವತ್ತೈದು ಮೈಲಿ, ಏಸಿ ಇಲ್ಲ, ನಿಧಾನ ಹೋಗುವವರ ಬಲತುದಿಯ ಲೇನು. ತರಕಾರಿ ಲಾರಿಗಳು ನಮ್ಮನ್ನು ಕನಿಕರದಿಂದ ದಾಟಿ ಹೋದವು. ಇರ್ವೈನ್ ಹತ್ತಿರ ಮೊದಲ ಪೂರಿ ಮುರಿಯಿತು. "ಒಂದು!" ಎಂದರು ಆಂಟಿ, ಹರಾಜು ಕೂಗುವವರ ಹಾಗೆ. ಆದರೆ ಸಮುದ್ರ ಕಾಣತೊಡಗಿದ ಮೇಲೆ ಎಣಿಕೆ ನಿಂತುಹೋಯಿತು. ಕನ್ನಡಿಯಲ್ಲಿ ನೋಡಿದೆ. ಅಂಕಲ್ ಎದ್ದು ಹಿಂದೆ ಹೋಗಿ ಆಂಟಿಯ ಪಕ್ಕ ಕುಳಿತು ಬೆಲ್ಟ್ ಹಾಕಿಕೊಂಡಿದ್ದರು. ಇಬ್ಬರೂ ಬದಲಿ ಪೂರಿಗಳನ್ನು ಒಂದೊಂದಾಗಿ ತಿನ್ನುತ್ತಿದ್ದರು.

"ಇಷ್ಟು ಸಾವಕಾಶ ಹೋದ್ರ ಎಷ್ಟು ಕಾಣ್ತೈತಿ ನೋಡ್ರಿ. ಕಾರಿನ್ಯಾಗ ಬರೇ ನಿಮ್ಮ ಬೈಗಳಾನ ಕೇಳಿಸ್ತಿದ್ವು" ಎಂದರು ಆಂಟಿ.

"ಅಲ್ಲೇ, ಮನ್ಯಾಗ ನಾ ಏನು ಮಾಡ್ಲಿ ಹೇಳು? ಅಡಿಗಿಮನಿಗೆ ಬಂದ್ರ ಹೊರಗ ಹೋಗ್ರಿ ಅಂತೀದಿ, ಹೊರಗ ಕುಂತ್ರ ಆನಿ ಮಾರ್ರಿ ಅಂತೀದಿ."

ಆಂಟಿ ಒಂದು ಪೂರಿ ಕೊಟ್ಟರು. ಅಷ್ಟರಲ್ಲಿ ಟೊರ್ರಿ ಪೈನ್ಸ್ ಏರು ಬಂದು ನನ್ನ ಕಾಲಡಿಯ ಪೂರಿ ಪುಡಿಪುಡಿಯಾಯಿತು. ಯಾರೂ ಲೆಕ್ಕವಿಡಲಿಲ್ಲ.

ತಂಗಿಯ ಮನೆಗೆ ಮುಂಚಿನ ಬಂಕಿನಲ್ಲಿ ನಿಲ್ಲಿಸಿದೆ. ಮೀಟರು ನೂರಾ ಐದು ಮೈಲಿ ತೋರಿಸುತ್ತಿತ್ತು. ಹತ್ತೂವರೆ ಗ್ಯಾಲನ್ನಿನ ಒಳಗೆ ಟ್ಯಾಂಕು ತುಂಬಿದರೆ ಅಂಕಲ್ ಗೆದ್ದಂತೆ. ಅಂಕಲ್ ಇಳಿಯಲೇ ಇಲ್ಲ. ಹಿಂದಿನ ಸೀಟಿನಲ್ಲೇ ಕುಳಿತು, ಅತ್ತ ಮುಖ ಮಾಡಿ, ಸ್ವಚ್ಛವಾಗಿಯೇ ಇದ್ದ ಕಿಟಕಿಯ ಗಾಜನ್ನು ಒರೆಸತೊಡಗಿದರು. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆಂಟಿ ಇಳಿದು ಬಂದು ನನ್ನ ಪಕ್ಕ ನಿಂತರು.

ಪಂಪು ಟಕ್ ಎಂದಿತು. ಹತ್ತು ಗ್ಯಾಲನ್, ಮೇಲೆ ಒಂದಿಷ್ಟು.

ಈಗ ಅಲ್ಲಾಡಿಸಬೇಕು. ಅಲ್ಲಾಡಿಸಿದರೆ ಇನ್ನೊಂದು ಗ್ಯಾಲನ್ ಹಿಡಿಯುತ್ತದೆ, ಆನೆ ಸೋಮವಾರ ಹೋಗುತ್ತದೆ, ನನ್ನ ಕಾರು ಮನೆಬಾಗಿಲಿಗೆ ಬರುತ್ತದೆ. ಸತ್ಯ ಮತ್ತು ಸ್ವಾರ್ಥ ಒಂದೇ ಬದಿಯಲ್ಲಿ ನಿಲ್ಲುವ ಯೋಗ ಎಷ್ಟು ಜನರಿಗೆ ಬರುತ್ತದೆ ಹೇಳಿ. ನಾನು ಹೋಗಿ ಬಂಪರಿನ ಮೇಲೆ ಕೈಯಿಟ್ಟೆ. ಇಟ್ಟ ಕೈ ಇಟ್ಟಲ್ಲೇ ಉಳಿಯಿತು. ಆಂಟಿ ನನ್ನ ಕೈ ನೋಡಿದರು, ಕಿಟಕಿ ನೋಡಿದರು, ಮೀಟರ್ ನೋಡಿದರು. ಆಮೇಲೆ ಒಳಗಿನವರಿಗೆ ಕೇಳುವಂತೆ ಜೋರಾಗಿ ಹೇಳಿದರು:

"ಸಾಕು ಬಿಡೋ ತಮ್ಮಾ, ಎಷ್ಟಂತ ಅಲ್ಲಾಡಸ್ತಿ! ರಟ್ಟಿ ನೋವು ಬರ್ತಾವ. ಇನ್ನ ಒಂದು ಹನಿನೂ ಹಿಡಿಯಂಗಿಲ್ಲ."

ಗಾಡಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಒಳಗೆ ಕುಳಿತವರಿಗೆ ಅದು ಗೊತ್ತಾಗದೆ ಇರುತ್ತದೆಯೇ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಅಂಕಲ್ ಬಾಗಿಲಲ್ಲಿ ಕಾಣಿಸಿಕೊಂಡು, "ಎಷ್ಟಾತು?" ಎಂದರು. ಹೇಳಿದೆ. ಅವರು ಗಂಟಲು ಸರಿಮಾಡಿಕೊಂಡರು. ಆ ಸದ್ದನ್ನು ಮಿಮಿಕ್ರಿ ಮಾಡಲು ನನಗೆ ಇನ್ನೂ ಬಂದಿಲ್ಲ.

ಸೋಮವಾರ ಬರಬೇಕಾದವನಿಗೆ ಆಂಟಿಯೇ ಫೋನ್ ಮಾಡಿ ಬೇಡವೆಂದರು. ಕತೆ ಅಲ್ಲಿಗೇ ನಿಂತಿದ್ದರೆ ನಾನು ತ್ಯಾಗಮೂರ್ತಿಯ ಗತ್ತಿನಲ್ಲಿ ಎರಡು ಬೀದಿ ನಡೆದುಕೊಂಡು ಕಾರಿಗೆ ಹೋಗಿ ಬರುತ್ತಿದ್ದೆ. ಆದರೆ ಮಂಗಳವಾರ ಬೆಳಿಗ್ಗೆ ಅಂಕಲ್ ನನ್ನ ಕೋಣೆಯ ಬಾಗಿಲು ತಟ್ಟಿದರು. "ಹತ್ತು ಕೊಟ್ಟ ಗಾಡಿ ಹನ್ನೆರಡು ಯಾಕ ಕೊಡಂಗಿಲ್ಲ? ನಿನ್ನ ಕಾಲಿನ ಗುಣ ಚೊಲೋ ಐತಿ" ಎಂದರು. ಅಂದಿನಿಂದ ಪ್ರತಿ ಶನಿವಾರ ಬಲತುದಿಯ ಲೇನಿನಲ್ಲಿ ನಾನೇ. ಕಳೆದ ವಾರ ಪ್ರಾಮಾಣಿಕವಾಗಿ ಒಂಬತ್ತು ಬಂತು. ಅಂಕಲ್ ಬಹಳ ಹೊತ್ತು ಲೆಕ್ಕ ನೋಡಿ, "ನೀ ಕೆಡಾಕತ್ತೀದ್ಯೋ ತಮ್ಮಾ" ಎಂದರು.