ಜೇನುಪೆಟ್ಟಿಗೆ ಭಾವನ ವೆಬ್‌ಸೈಟು

ಹದಿನೆಂಟು ಸಾವಿರ ರೂಪಾಯಿ! ಪುತ್ತೂರಿನ ವೆಬ್‌ಸೈಟ್ ಮಾಡುವವರು ಮೂವತ್ತು ಹೇಳಿದ್ದರು. ಎರಡು ಚಾ ಮುಗಿಯುವುದರೊಳಗೆ ನಾನು ಹದಿನೆಂಟಕ್ಕೆ ಇಳಿಸಿದೆ. ಈ ಖರ್ಚು ಯಾಕೆಂದರೆ, ಕೋಡಿಂಬಾಳದಲ್ಲಿ ಜೇನುಪೆಟ್ಟಿಗೆ ಮಾಡಿ ಮಾರುವ ನನ್ನ ಭಾವನಿಗೆ ಲೋಕದ ಗಿರಾಕಿಗಳೆಲ್ಲ ಬೇಕು. ಆದರೆ ಒಬ್ಬರೂ ಸುಲಭವಾಗಿ ಒಳಗೆ ಬರಬಾರದು!

ಅಂಗಡಿಯಲ್ಲೂ ಭಾವನ ಕ್ರಮ ಅದೇ. ಯಾರೇ ಬರಲಿ, ಮೊದಲು ಬೆಲ್ಲ-ನೀರು, ಆಮೇಲೆ "ಯಾವ ಮನೆ? ಯಾರ ಮಗ? ಅಜ್ಜನ ಮನೆ ಎಲ್ಲಿ?" ಪರಿಚಯವಾಗದೆ ಬೆಲೆ ಹೇಳುವವರಲ್ಲ. ನಮ್ಮ ಕಡೆ ಅದು ಮರ್ಯಾದೆ ಸರಿ, ವೆಬ್‌ಸೈಟಿಗೂ ಅದನ್ನೇ ಕಲಿಸುವುದೇ? ಮನೆ ಹೆಸರು, ತಂದೆಯ ಹೆಸರು, ಅಜ್ಜನ ಮನೆ ಎಲ್ಲ ತುಂಬಿಸದೆ ಬೆಲೆ ಕಾಣುವುದಿಲ್ಲ. ಒಂದು ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗಿ ಪುನಃ ಮೊದಲಿನಿಂದ! ಮಾಡಿಕೊಟ್ಟವರು ಬೇಡವೆನ್ನಲಿಲ್ಲ, ಆ ಬುದ್ಧಿಮಾತಿನ ಹಣವನ್ನು ಚೌಕಾಸಿಯಲ್ಲಿ ನಾನೇ ಉಳಿಸಿದ್ದೆನಲ್ಲ! ಸಾಲದ್ದಕ್ಕೆ ಪರದೆಯ ತುಂಬ ಹಾರುವ ಜೇನುನೊಣಗಳು. ಅವು ಬಂದು ಕೂರುವುದು 'ಆರ್ಡರ್ ಮಾಡಿ' ಎಂಬ ಗುಂಡಿಯ ಮೇಲೆಯೇ.

"ಭಾವ, ಆ ನೊಣಗಳನ್ನು ಓಡಿಸಿ ಮಾರಾಯ್ರೆ. ಒತ್ಲಿಕ್ಕೆ ಆಗುದಿಲ್ಲ."

"ನೊಣಕ್ಕೆ ಹೆದರುವವನಿಗೆ ಪೆಟ್ಟಿಗೆ ಎಂತಕ್ಕೆ?"

ಸಂಪಾಜೆಯ ಮಹಿಳಾ ಸಂಘವೊಂದು ನಲವತ್ತು ಪೆಟ್ಟಿಗೆ ಬೇಕೆಂದು ಬಾಯಿಮಾತಿನಲ್ಲಿ ಹೇಳಿತ್ತು. ಅಷ್ಟನ್ನೇ ನಂಬಿ ಭಾವ ಎರಡು ತಿಂಗಳು ಬೇರೆ ಕೆಲಸ ಹಿಡಿಯದೆ ನಲವತ್ತನ್ನೂ ಮುಗಿಸಿ ಜಗಲಿಯಲ್ಲಿ ಪೇರಿಸಿದ್ದರು. ಮೊನ್ನೆ ಬೆಳಿಗ್ಗೆ ಸಂಘದವರು ಖಡಾಖಂಡಿತ ಹೇಳಿಬಿಟ್ಟರು: ಇವತ್ತೇ ಸಂಜೆ ನಾಲ್ಕರೊಳಗೆ ಬ್ಯಾಂಕಿಗೆ ಕೊಡಲು ಆರ್ಡರಿನ ರಶೀದಿ ಬೇಕು, ಇಲ್ಲದಿದ್ದರೆ ಸುಳ್ಯದ ಅಂಗಡಿಗೆ.

ಮೂರೂವರೆಗೆ ಸಂಘದ ಕಾರ್ಯದರ್ಶಿಯ ಫೋನು. ಭಾವ ಸ್ಪೀಕರ್ ಹಾಕಿದರು.

"ಐದು ಸಲ ತುಂಬಿಸಿದೆ ಅಂಕಲ್, ಎಲ್ಲ ಅಳಿಸಿ ಹೋಗ್ತದೆ. ಫೋನಿನಲ್ಲೇ ಬರ್ಕೊಳ್ಳಿ."

"ಮತ್ತೆ ಹದಿನೆಂಟು ಸಾವಿರ ಕೊಟ್ಟದ್ದು ಎಂತಕ್ಕೆ? ಪುನಃ ತುಂಬಿಸಿ!"

ನಾನು ತಲೆ ಚಚ್ಚಿಕೊಂಡೆ. ಮೂರೂ ಮುಕ್ಕಾಲಿಗೆ ಪುನಃ ಅವಳದೇ ಫೋನು. ಕಿತ್ತುಕೊಳ್ಳಲು ಹೋದೆ, ಭಾವ ಬಿಡಬೇಕಲ್ಲ!

"ಯಾವುದೋ ಒಂದು ಬಿಟ್ಟಿದ್ದೀರಿ. ತಂದೆಯ ಹೆಸರು ಹಾಕಿದ್ರಾ?"

ಆ ಕಡೆಯಿಂದ ಸಣ್ಣ ಸ್ವರ: "ಅದು ನನಗೆ ಗೊತ್ತಿಲ್ಲ ಅಂಕಲ್. ನಾನು ಬೆಳೆದದ್ದು ಅನಾಥಾಶ್ರಮದಲ್ಲಿ. ಖಾಲಿ ಬಿಟ್ರೆ ನಿಮ್ಮ ವೆಬ್‌ಸೈಟ್ ಒಪ್ಪುದಿಲ್ಲ."

ಭಾವ ಸ್ಪೀಕರ್ ಆಫ್ ಮಾಡಿ ಫೋನನ್ನು ಕಿವಿಗಿಟ್ಟುಕೊಂಡರು. ನಾನು ಗಡಿಯಾರ ನೋಡುವುದನ್ನೂ ಮರೆತೆ.

"ನನ್ನ ಹೆಸರು ಬರೆ ಮಗಾ," ಎಂದರು. "ಮನೆ, ಅಜ್ಜನ ಮನೆ ಎರಡಕ್ಕೂ ಕೋಡಿಂಬಾಳ ಅಂತಲೇ ಹಾಕು."

ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಆರ್ಡರ್ ಬಂತು. ಮರುದಿನವೇ ಭಾವ ಪುತ್ತೂರಿಗೆ ಹೋಗಿ ಆ ಪ್ರಶ್ನೆಗಳನ್ನೆಲ್ಲ ತೆಗೆಸಿದರು.

ನೀವೂ ವೆಬ್‌ಸೈಟ್ ಮಾಡಿಸುವವರಾದರೆ, ಪೂರ್ತಿ ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗುರುತು ಪರಿಚಯವಿಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಏನಾದರೊಂದು ಕೊಳ್ಳಲು ಹೇಳಿ. ನೀವು ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಿ. ಅವರ ಬೆರಳು ಯಾವ ಪ್ರಶ್ನೆಯ ಮುಂದೆ ನಿಲ್ಲುತ್ತದೋ ಅದನ್ನು ತೆಗೆಸಿಬಿಡಿ. ಯಾಕೆ ನಿಂತಿತೆಂದು ಮಾತ್ರ ಅವರನ್ನು ಕೇಳಬೇಡಿ.